ಕೃತಕ ಕವಾಟವೂ ರಕ್ತದ ಹೆಪ್ಪೂ

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳುಂಟು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಮರಳದಂತೆ ತಡೆಯುವುದೇ ಅವುಗಳ ಕೆಲಸ. ಬಾಲ್ಯದಲ್ಲಿ ಗಂಟಲು ಬೇನೆಯ ಬೆನ್ನಿಗೆ ಬರುವ ರುಮಾಟಿಕ್ ಜ್ವರವು ಇವನ್ನು ಕೆಡಿಸಬಲ್ಲುದು. ನಮ್ಮ ದೇಶದಲ್ಲಿ ಎಳೆಯ ಪ್ರಾಯದವರಿಗೆ ಕೃತಕ ಕವಾಟ ಬೇಕಾಗುವುದಕ್ಕೆ ಇದೇ ಮುಖ್ಯ ಕಾರಣ.

ಅಂತಹ ಕವಾಟವನ್ನು ನಿರ್ಮಿಸುವುದು ಸುಲಭಸಾಧ್ಯವಲ್ಲ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದ ಡಾ. ಎಂ. ಎಸ್. ವಲಿಯತ್ತಾನ್ ಅವರು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಕಾರ್ಯಕ್ಕೆ ಕೈಹಾಕಿದಾಗ ಮೊದಲಿನ ಮೂರು ಮಾದರಿಗಳೂ ವಿಫಲವಾದವು. ಕಾಠಿಣ್ಯಕ್ಕೆ ಹೆಸರಾದ ನೀಲಮಣಿಯ ಬಿಲ್ಲೆಯೇ ಪ್ರಯೋಗದಲ್ಲಿ ಒಡೆಯಿತು! ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿನಲ್ಲಿ ಪಾಲಿಎಥಿಲೀನ್ ಬಿಲ್ಲೆಯುಳ್ಳ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಜೋಡಿಸಲಾಯಿತು.

ಆದರೆ ಮುರಿಯದ ಕವಾಟಕ್ಕೂ ತೊಡಕುಂಟು. ರಕ್ತನಾಳದ ಒಳಮೈಯನ್ನು ಮುಟ್ಟಿ ಹರಿಯುವ ರಕ್ತವು ಹೆಪ್ಪುಗಟ್ಟದು. ಪರಕೀಯ ವಸ್ತುವನ್ನು ಮುಟ್ಟಿದೊಡನೆ ಹೆಪ್ಪುಗಟ್ಟಲು ಹವಣಿಸುತ್ತದೆ. ಹರಿವು ಮಂದವಾಗಿರುವ ಸಂದುಗಳಲ್ಲಿ ಹೆಪ್ಪು ಬೆಳೆದರೆ ಬಿಲ್ಲೆ ಅಲುಗದಂತಾಗುವುದು. ತುಣುಕೊಂದು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟದಲ್ಲಿ ಈ ಭಯ ಕಡಿಮೆ. ಆದರೆ ಎಳೆಯರಲ್ಲಿ ಅದು ಸುಣ್ಣಗಟ್ಟಿ ಬೇಗನೆ ಸವೆಯುತ್ತದೆ.

ಆದುದರಿಂದ ಯಾಂತ್ರಿಕ ಕವಾಟ ಉಳ್ಳವರು ಬಾಳಿನುದ್ದಕ್ಕೂ ವಾರ್ಫರಿನ್ ಗುಳಿಗೆಯನ್ನು ಸೇವಿಸಬೇಕು. 1948ರಲ್ಲಿ ಇಲಿಪಾಷಾಣವಾಗಿ ಬಳಕೆಗೆ ಬಂದ ವಸ್ತುವಿದು ಎಂದರೆ ಓದುಗರಿಗೆ ಅಚ್ಚರಿಯಾದೀತು. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹೆಪ್ಪುಗಟ್ಟುವ ಕಾಲವನ್ನು ಅಳೆದು ಐ.ಎನ್.ಆರ್. ಎಂಬ ಅಂಕಿಯಲ್ಲಿ ಹೇಳುವರು. ಆರೋಗ್ಯವಂತರಲ್ಲಿ ಅದು ಸುಮಾರು 1; ಇವರಲ್ಲಿ ಸಾಮಾನ್ಯವಾಗಿ 2.5 ಅಥವಾ 3ರ ಆಸುಪಾಸಿನಲ್ಲಿ ಇರಿಸಬೇಕಾಗುತ್ತದೆ. ಸೊಪ್ಪುಗಳಲ್ಲಿರುವ ಕೆ ಜೀವಸತ್ವವು ಔಷಧಿಯ ಪ್ರಭಾವವನ್ನು ಕುಗ್ಗಿಸುತ್ತದೆ. ನಮ್ಮ ಯಲಹಂಕ, ಹೆಬ್ಬಾಳದ ಮನೆಗಳಲ್ಲಿ ಬಸ್ಸಾರು, ಮಸ್ಸೊಪ್ಪುಗಳನ್ನು ಬಿಟ್ಟ ಊಟವುಂಟೆ? ಬಿಡಬೇಕಾದುದೂ ಇಲ್ಲ; ಒಂದು ವಾರ ಧಾರಾಳವಾಗಿ ತಿಂದು ಮರುವಾರ ಮುಟ್ಟದಿರುವುದೇ ಅಪಾಯ. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಔಷಧಿಯು ಶಿಶುವಿಗೆ ಹಾನಿ ಮಾಡಬಲ್ಲುದು. ಆದುದರಿಂದ ತಾಯಿಯಾಗಬಯಸುವ ತರುಣಿಯು ವೈದ್ಯರನ್ನು ಮುಂಚಿತವಾಗಿಯೇ ಕಾಣಬೇಕು. ಗುಳಿಗೆಯನ್ನು ತಾನಾಗಿ ನಿಲ್ಲಿಸುವುದಂತೂ ಸಲ್ಲದು.

ರಾತ್ರಿಯ ನಿಶ್ಶಬ್ದದಲ್ಲಿ ತಮ್ಮ ಕವಾಟದ ಟಿಕ್ ಟಿಕ್ ಸದ್ದನ್ನು ತಾವೇ ಕೇಳುವವರುಂಟು. ಇಂಗಾಲದ ಬಿಲ್ಲೆಯ ಸದ್ದು ಸ್ಪಷ್ಟ, ಪ್ಲಾಸ್ಟಿಕ್ಕಿನದು ಮೆಲು. ಪರಿಚಿತವಾದ ಆ ಸದ್ದು ಒಮ್ಮೆಲೆ ಮಂಕಾಗಿ ಉಸಿರು ಕಟ್ಟತೊಡಗಿದರೆ, ಬಿಲ್ಲೆಯನ್ನು ಹೆಪ್ಪು ಹಿಡಿದಿರುವ ಸಂಭವವುಂಟು. ಆಗ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪನ್ನು ಕರಗಿಸುವ ಔಷಧಿಯೋ ಮರುಶಸ್ತ್ರಕ್ರಿಯೆಯೋ ಎಂಬುದನ್ನು ವೈದ್ಯರು ಅಲ್ಲಿ ನಿರ್ಧರಿಸುವರು.