ಜೇನುಪೆಟ್ಟಿಗೆಯಷ್ಟೇ ಸಾಲದು, ಗದ್ದೆಯ ದುಂಬಿಗಳೂ ಉಳಿಯಬೇಕು

ಜೇನುನೊಣ ಎಂದೊಡನೆ ನಮಗೆ ನೆನಪಾಗುವುದು ತೋಟದ ಮೂಲೆಯಲ್ಲಿರುವ ತುಡುವೆ ಜೇನಿನ ಪೆಟ್ಟಿಗೆ ಮತ್ತು ಜೇನುತುಪ್ಪ. ಆದರೆ ಜೇನಿನ ಬಳಗದಲ್ಲಿ ಜಗತ್ತಿನಾದ್ಯಂತ 20,000ಕ್ಕೂ ಹೆಚ್ಚು ಜಾತಿಗಳಿವೆ. ಮನುಷ್ಯ ಸಾಕುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದವು ಯಾರ ಆರೈಕೆಯೂ ಇಲ್ಲದೆ ನಮ್ಮ ಬೆಳೆಗಳಿಗೆ ಪರಾಗಸ್ಪರ್ಶ ಮಾಡುತ್ತಿವೆ.

ಉಡುಪಿ ಸಮೀಪದ ಮಟ್ಟುಗುಳ್ಳವನ್ನೇ ನೋಡೋಣ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬದನೆ ಇದು. ಬದನೆ ಹೂವಿನ ಪರಾಗ ಕೊಳವೆಯಂತಹ ಹಳದಿ ಕೇಸರಗಳ ಒಳಗಿರುತ್ತದೆ. ತುದಿಯಲ್ಲಿರುವ ಸಣ್ಣ ರಂಧ್ರದಿಂದಷ್ಟೇ ಹೊರಬರುತ್ತದೆ. ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನು ಮೊದಲಾದವು ಹೂವನ್ನು ತಬ್ಬಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತವೆ. ಆಗ ಡಬ್ಬಿಯಿಂದ ಪುಡಿ ಉದುರಿದಂತೆ ಪರಾಗ ಉದುರುತ್ತದೆ. ತುಡುವೆಗಾಗಲೀ ಹೆಜ್ಜೇನಿಗಾಗಲೀ ಈ ವಿದ್ಯೆ ಬಾರದು. ಗಾಳಿಯಿಂದಲೂ ಬದನೆ ಸ್ವಲ್ಪ ಕಾಯಿ ಕಟ್ಟುತ್ತದೆ ನಿಜ. ದುಂಬಿ ಬಂದರೆ ಫಸಲು ಹೆಚ್ಚುತ್ತದೆ.

ಇದನ್ನು ಸಂಶೋಧಕರು ಕಂಡುಕೊಳ್ಳುವ ವಿಧಾನ ಸರಳ. ಕೆಲವು ಮೊಗ್ಗುಗಳಿಗೆ ಬಲೆಯ ಚೀಲ ಕಟ್ಟಿ ಕೀಟಗಳನ್ನು ತಡೆಯುತ್ತಾರೆ, ಕೆಲವನ್ನು ತೆರೆದೇ ಬಿಡುತ್ತಾರೆ. ಬಳಿಕ ಎರಡರಲ್ಲೂ ಕಟ್ಟಿದ ಕಾಯಿಗಳನ್ನು ಎಣಿಸಿ ಹೋಲಿಸುತ್ತಾರೆ. ಜಗತ್ತಿನ 600 ಹೊಲಗಳ ಮಾಹಿತಿಯನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಾಕುಜೇನು ಎಷ್ಟೇ ಇದ್ದರೂ ಕಾಡು ಕೀಟಗಳ ಭೇಟಿಯಿಂದ ಕಾಯಿ ಕಟ್ಟುವುದು ಹೆಚ್ಚುತ್ತದೆಂದು ತೋರಿಸಿತು. ಅಂದರೆ ಒಂದರ ಕೆಲಸವನ್ನು ಇನ್ನೊಂದು ಪೂರ್ತಿಯಾಗಿ ಮಾಡಲಾರದು.

ಹಾಗಾದರೆ ಇವುಗಳಿಗೆ ಬೇಕಾದುದೇನು? ವಾಸಕ್ಕೆ ಜಾಗ, ವರ್ಷವಿಡೀ ಹೂವು ಮತ್ತು ವಿಷವಿಲ್ಲದ ಪರಿಸರ. ಹೆಚ್ಚಿನ ಒಂಟಿ ಜೇನುಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಕಪ್ಪು ದುಂಬಿ ಒಣಮರ, ಬಿದಿರನ್ನು ಕೊರೆದು ಗೂಡು ಮಾಡುತ್ತದೆ. ಸಣ್ಣ ಜಾತಿಗಳು ಗೂಡಿನಿಂದ ಕೆಲವು ನೂರು ಮೀಟರ್‌ಗಿಂತ ಹೆಚ್ಚು ದೂರ ಹೋಗಲಾರವು. ಹುಣಿಗೆ ಕಳೆನಾಶಕ ಹೊಡೆದು, ಬೇಲಿ ಕಡಿದು, ಒಣಮರ ಸುಟ್ಟು 'ಸ್ವಚ್ಛ' ಮಾಡಿದಾಗ ನಾವು ಅವುಗಳ ಮನೆಯನ್ನೂ ಊಟವನ್ನೂ ಕಿತ್ತುಕೊಳ್ಳುತ್ತೇವೆ. ಕಾಯಿಕೊರಕ ಹುಳಕ್ಕೆಂದು ಹೂಬಿಟ್ಟ ಗಿಡಕ್ಕೆ ಬೆಳಿಗ್ಗೆ ಸಿಂಪಡಿಸುವ ಕೀಟನಾಶಕ, ಕಾಯಿ ಕಟ್ಟಿಸಲು ಬಂದ ದುಂಬಿಯನ್ನೇ ಕೊಲ್ಲುತ್ತದೆ.

ನಾವು ಮಾಡಬಹುದಾದ ಕೆಲಸಗಳು ಹೆಚ್ಚು ಖರ್ಚಿನವಲ್ಲ:

- ಮಳೆಗಾಲದಲ್ಲೂ ನೀರು ನಿಲ್ಲದ ಹುಣಿಯ ಒಂದು ಭಾಗವನ್ನು ಅಗೆಯದೆ ಬಿಡೋಣ.
- ತುಂಬೆ, ತಗಟೆ, ನಾಚಿಕೆಮುಳ್ಳುಗಳನ್ನು ಬೇಲಿಯ ಬುಡದಲ್ಲಾದರೂ ಉಳಿಸೋಣ.
- ಒಣಗಿದ ಕೊಂಬೆ, ಬಿದಿರಿನ ತುಂಡುಗಳನ್ನು ಮಳೆ ತಾಗದ ಕಡೆ ಇಡೋಣ.
- ಹುಳ ಹೊಕ್ಕ ಕುಡಿಗಳನ್ನು ಚಿವುಟಿ ನಾಶಮಾಡೋಣ, ಮೋಹಕ ಬಲೆ ಬಳಸೋಣ. ಔಷಧಿ ಅನಿವಾರ್ಯವಾದರೆ ದುಂಬಿಗಳು ಹಿಂದಿರುಗಿದ ಬಳಿಕ, ಸಂಜೆಯ ಹೊತ್ತು ಸಿಂಪಡಿಸೋಣ.

ಚರ್ಚ್ ಹಾಗೂ ಶಾಲೆಗಳ ಆವರಣದಲ್ಲೂ ಇಂತಹ ಒಂದು ಮೂಲೆಯನ್ನು ಬಿಡಬಹುದು. ಮಕ್ಕಳೊಂದಿಗೆ ಹಿತ್ತಿಲಿನ ನಾಲ್ಕು ಬದನೆ ಗಿಡಗಳಲ್ಲಿ ಬಲೆ ಚೀಲದ ಪ್ರಯೋಗವನ್ನೂ ಮಾಡಿನೋಡಬಹುದು. ದುಂಬಿಯ ದುಡಿಮೆಗೆ ನಾವು ಕೂಲಿ ಕೊಡುವುದಿಲ್ಲ. ಅದು ಇರಲು ಒಂದಿಷ್ಟು ಜಾಗವನ್ನಾದರೂ ಬಿಟ್ಟುಕೊಡೋಣ.