ಒಂದು ದ್ವೀಪ, ಒಂದು ರೆಸಾರ್ಟ್: ಮಾಲ್ಡೀವ್ಸ್ ಆಯ್ಕೆಯ ಹಿಂದಿನ ಅರ್ಧ ಶತಮಾನ

ಮದುವೆಯ ನಂತರದ ಮೊದಲ ಪ್ರವಾಸಕ್ಕೋ, ದಾಂಪತ್ಯದ ಇಪ್ಪತ್ತೈದನೆಯ ವರ್ಷದ ಸಂಭ್ರಮಕ್ಕೋ ಮಾಲ್ಡೀವ್ಸ್‌ಗೆ ಹೊರಡಲು ನಿಶ್ಚಯಿಸಿದ ದಂಪತಿಯ ಮುಂದೆ ಇಂದು 170ಕ್ಕೂ ಹೆಚ್ಚು ರೆಸಾರ್ಟ್‌ಗಳ ಪಟ್ಟಿ ಬಂದು ನಿಲ್ಲುತ್ತದೆ. ನೀರಿನ ಮೇಲೆ ಕಟ್ಟಿದ ವಿಲ್ಲಾ ಬೇಕೇ ಅಥವಾ ಮರಳ ದಂಡೆಯ ವಿಲ್ಲಾ ಸಾಕೇ, ಸ್ಪೀಡ್‌ಬೋಟಿನಲ್ಲಿ ಹೋಗುವುದೇ ಅಥವಾ ಸಮುದ್ರ ವಿಮಾನವನ್ನು ಹಿಡಿಯುವುದೇ, ಊಟೋಪಚಾರವೆಲ್ಲ ಸೇರಿದ ದರ ಲಾಭವೇ, ರೆಸಾರ್ಟಿನ ಬದಲು ಊರಿರುವ ದ್ವೀಪದ ಅತಿಥಿಗೃಹದಲ್ಲಿ ಉಳಿದರೆ ಹೇಗೆ ಎಂಬ ಪ್ರಶ್ನೆಗಳು ಎಲ್ಲ ದಂಪತಿಗಳಿಗೂ ಎದುರಾಗುತ್ತವೆ. ಇವು ಕೇವಲ ಅಭಿರುಚಿಯ ಅಥವಾ ಹಣದ ಪ್ರಶ್ನೆಗಳಂತೆ ಕಂಡರೂ, ಇವುಗಳಲ್ಲಿ ಪ್ರತಿಯೊಂದೂ ಆ ದೇಶದ ಭೂರಚನೆ, ಬಡತನ, ಕಾನೂನು ಮತ್ತು ಧರ್ಮ ಸೇರಿ ರೂಪಿಸಿದ ಒಂದು ನಿರ್ದಿಷ್ಟ ಚರಿತ್ರೆಯಿಂದ ಹುಟ್ಟಿದೆ; ಆ ಚರಿತ್ರೆಯನ್ನು ತಿಳಿದವರಿಗೆ ಆಯ್ಕೆ ಸುಲಭವಾಗುವುದಷ್ಟೇ ಅಲ್ಲದೆ, ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದೂ ಸ್ಪಷ್ಟವಾಗುತ್ತದೆ.

ದಖ್ಖನಿನ ಬಸಾಲ್ಟ್, ಸಾಗರದ ಹವಳ

ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದ ಕಪ್ಪು ಬಸಾಲ್ಟ್ ಶಿಲೆಗೂ ಮಾಲ್ಡೀವ್ಸ್‌ನ ಬಿಳಿ ಮರಳಿಗೂ ಒಂದು ದೂರದ ನಂಟಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಲಾವಾರಸವನ್ನು ಹರಿಸಿದ, ಇಂದು ರಿಯೂನಿಯನ್ ದ್ವೀಪದ ಕೆಳಗಿರುವ ಭೂಗರ್ಭದ ತಾಪಕೇಂದ್ರವೇ, ಭಾರತದ ಭೂಫಲಕ ಉತ್ತರಕ್ಕೆ ಸರಿಯುತ್ತ ಹೋದಂತೆ ಅದರ ಹಿಂದೆ ಸಾಗರದೊಳಗೆ ಜ್ವಾಲಾಮುಖಿಗಳ ಒಂದು ಸಾಲನ್ನು ಎಬ್ಬಿಸಿತು. ಆ ಜ್ವಾಲಾಮುಖಿಗಳು ನಿಧಾನವಾಗಿ ಕುಸಿಯುತ್ತಿದ್ದಾಗ ಅವುಗಳ ಮೇಲೆ ಹವಳಗಳು ಬೆಳಕನ್ನು ಅರಸಿ ಮೇಲಕ್ಕೆ ಬೆಳೆಯುತ್ತಲೇ ಹೋದವು. ಕೊನೆಗೆ ಬೆಟ್ಟ ಮುಳುಗಿ, ಅದರ ಸುತ್ತ ಬಳೆಯಾಕಾರದಲ್ಲಿ ಹವಳದ ದಿಬ್ಬವೂ ನಡುವೆ ಲಗೂನ್ ಎಂದು ಕರೆಯುವ ಪ್ರಶಾಂತ ಜಲರಾಶಿಯೂ ಉಳಿದವು. ಅಟಾಲ್ ಎಂದು ಹೆಸರಾದ ಈ ರಚನೆ ಹೀಗೆ ಕುಸಿತದಿಂದ ಹುಟ್ಟುತ್ತದೆ ಎಂಬ ವಿವರಣೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ಗ್ರಂಥರೂಪದಲ್ಲಿ ಮಂಡಿಸಿದ್ದನು. ಇದೇ ಸಾಲಿನ ಉತ್ತರ ಭಾಗದಲ್ಲಿ ಲಕ್ಷದ್ವೀಪವಿದೆ. ಅದರ ಅಮಿನಿದಿವಿ ದ್ವೀಪಗಳು 1956ರವರೆಗೆ ಆಡಳಿತದ ದೃಷ್ಟಿಯಿಂದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಉತ್ತರ-ದಕ್ಷಿಣವಾಗಿ 800 ಕಿಲೋಮೀಟರಿಗೂ ಹೆಚ್ಚು ಹರಡಿರುವ ಮಾಲ್ಡೀವ್ಸ್‌ನಲ್ಲಿ 26 ಅಟಾಲ್‌ಗಳೂ ಸುಮಾರು 1,190 ದ್ವೀಪಗಳೂ ಇದ್ದು, ಅವುಗಳ ಸಹಜ ನೆಲ ಎಲ್ಲಿಯೂ ಸಮುದ್ರ ಮಟ್ಟದಿಂದ ಎರಡೂವರೆ ಮೀಟರಿಗಿಂತ ಎತ್ತರವಿಲ್ಲ. ಆ ನೆಲವೆಲ್ಲ ಜೀವಿಗಳು ತಯಾರಿಸಿದ್ದು. ಗಿಣಿಮೀನುಗಳು ತಮ್ಮ ಗಟ್ಟಿ ಕೊಕ್ಕಿನಂತಹ ಹಲ್ಲುಗಳಿಂದ ಹವಳದ ಮೇಲ್ಮೈಯನ್ನು ಕೆರೆದು, ಅಲ್ಲಿನ ಪಾಚಿಯನ್ನು ಜೀರ್ಣಿಸಿಕೊಂಡು, ಜೊತೆಗೆ ನುಂಗಿದ ಸುಣ್ಣದ ಭಾಗವನ್ನು ನುಣ್ಣಗೆ ಅರೆದು ಹೊರಹಾಕುತ್ತವೆ. ದಂಪತಿಗಳು ಬರಿಗಾಲಿನಲ್ಲಿ ನಡೆಯುವ ಮರಳಿನ ದೊಡ್ಡ ಪಾಲು ಹೀಗೆ ಬಂದದ್ದು. ಈ ಮರಳು ಒಂದೆಡೆ ನಿಲ್ಲುವುದೂ ಇಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬೀಸುವ, ಸ್ಥಳೀಯರು ಇರುವೈ ಎನ್ನುವ ಈಶಾನ್ಯ ಮಾರುತ ಅದನ್ನು ದ್ವೀಪದ ಒಂದು ಮಗ್ಗುಲಿಗೆ ಒಯ್ದರೆ, ಮೇ ತಿಂಗಳ ನಂತರದ ನೈರುತ್ಯ ಮಾರುತವಾದ ಹುಳಂಗು ಮತ್ತೊಂದು ಮಗ್ಗುಲಿಗೆ ಸರಿಸುತ್ತದೆ. ಒಂದು ರೆಸಾರ್ಟಿನ ಪಶ್ಚಿಮ ದಂಡೆಯ ಕೋಣೆಗಳ ಮುಂದೆ ಫೆಬ್ರುವರಿಯಲ್ಲಿ ವಿಶಾಲವಾಗಿದ್ದ ಮರಳು ಆಗಸ್ಟಿನಲ್ಲಿ ಕಿರಿದಾಗಿದ್ದರೆ ಅದಕ್ಕೆ ಇದೇ ಕಾರಣವಾಗಿರುವ ಸಂಭವ ಹೆಚ್ಚು. ಆದ್ದರಿಂದ ಯಾವ ತಿಂಗಳಲ್ಲಿ ದ್ವೀಪದ ಯಾವ ಮಗ್ಗುಲಿಗೆ ಮರಳಿರುತ್ತದೆ ಎಂದು ಕೇಳಿ ಕೋಣೆ ಕಾದಿರಿಸುವುದು ವಿವೇಕದ ಕ್ರಮ.

ಒಣಮೀನಿನ ಪೇಟೆ ಕುಸಿದಾಗ

1965ರ ಜುಲೈ 26ರಂದು ಬ್ರಿಟಿಷರ ರಕ್ಷಣೆಯಿಂದ ಸ್ವತಂತ್ರವಾಗಿ, 1968ರಲ್ಲಿ ಗಣರಾಜ್ಯವಾದ ಮಾಲ್ಡೀವ್ಸ್‌ಗೆ ಮೀನುಗಾರಿಕೆಯೇ ಜೀವಾಳವಾಗಿತ್ತು. ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದ ಟ್ಯೂನಾ ಮೀನನ್ನು ಅದು ಮುಖ್ಯವಾಗಿ ಶ್ರೀಲಂಕೆಗೆ ಮಾರುತ್ತಿತ್ತು; ಎಪ್ಪತ್ತರ ದಶಕದ ಆರಂಭದಲ್ಲಿ ವಿದೇಶಿ ವಿನಿಮಯದ ಕೊರತೆಗೆ ಸಿಲುಕಿದ ಶ್ರೀಲಂಕಾ ಈ ಆಮದನ್ನು ಕಡಿತಗೊಳಿಸಿದಾಗ ಇಡೀ ದೇಶದ ಆದಾಯವೇ ಅಲುಗಾಡಿತು. 1976ರಲ್ಲಿ ಬ್ರಿಟಿಷ್ ವಾಯುಪಡೆ ದಕ್ಷಿಣದ ಗಾನ್ ನೆಲೆಯನ್ನು ಬಿಟ್ಟು ಹೋದಾಗ ಅಲ್ಲಿ ಇಂಗ್ಲಿಷ್ ಕಲಿತು ಕೆಲಸ ಮಾಡುತ್ತಿದ್ದ ಅನೇಕರು ಉದ್ಯೋಗ ಕಳೆದುಕೊಂಡು, ಆಗಷ್ಟೇ ತಲೆಯೆತ್ತುತ್ತಿದ್ದ ರೆಸಾರ್ಟ್‌ಗಳ ಕಡೆಗೆ ಹೊರಳಿದರು.

ಅಲ್ಲಿಗಾಗಲೇ ಪ್ರವಾಸೋದ್ಯಮಕ್ಕೆ ನಾಂದಿಯಾಗಿತ್ತು. ಬ್ಯಾಂಕುಗಳಿಲ್ಲದ, ದೊಡ್ಡ ವಿಮಾನಗಳು ಇಳಿಯಲಾರದ, ವಿದ್ಯುತ್ತು ವಿರಳವಾಗಿದ್ದ ಈ ದ್ವೀಪಗಳಿಗೆ ಇಟಲಿಯ ಪ್ರವಾಸ ವ್ಯವಸ್ಥಾಪಕ ಜಾರ್ಜ್ ಕಾರ್ಬಿನ್ 1972ರಲ್ಲಿ ಪ್ರವಾಸಿಗರ ಮೊದಲ ಗುಂಪನ್ನು ಕರೆತಂದರು. ಅತಿಥಿಗಳು ಮಾಲೆ ನಗರದ ಮನೆಗಳಲ್ಲಿ ಉಳಿದರು. ಕಾರ್ಬಿನ್ನರಿಗೆ ಜೊತೆಯಾದ ಅಹ್ಮದ್ ನಸೀಮ್, ಮೊಹಮ್ಮದ್ ಉಮರ್ ಮನಿಕು ಮತ್ತು ಹುಸೇನ್ ಅಫೀಫ್ ಎಂಬ ತರುಣರು ಅದೇ ವರ್ಷದ ಅಕ್ಟೋಬರಿನಲ್ಲಿ ಮಾಲೆಯ ಸಮೀಪದ ವಿಹಮನಾಫುಶಿ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟನ್ನು ತೆರೆದರು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, ಒಟ್ಟು 30 ಕೋಣೆಗಳು. ಬಂಡೋಸ್ ದ್ವೀಪದ ರೆಸಾರ್ಟ್ ಕೂಡ ಆ ವರ್ಷವೇ ಆರಂಭವಾಯಿತು. ವೈಭವ ಇನ್ನೂ ಕಾಲಿಡದ ಆ ದಿನಗಳಲ್ಲಿ ಬಂದವರು ಮುಖ್ಯವಾಗಿ ಬಿಸಿಲನ್ನೂ ನೀರಿನಡಿಯ ಹವಳವನ್ನೂ ಅರಸಿದ ಯೂರೋಪಿಯನ್ನರು ಎಂಬುದು ಗಮನಿಸಬೇಕಾದ ಸಂಗತಿ. ಈ ದೇಶಕ್ಕೆ ಅತಿಥಿಯನ್ನು ಮೊದಲು ಸೆಳೆದದ್ದು ಕೋಣೆಗಿಂತ ಹೆಚ್ಚಾಗಿ ಕೋಣೆಯ ಹೊರಗಿದ್ದ ಸಮುದ್ರ.

ಏಕಾಂತ ರೂಪುಗೊಂಡ ಬಗೆ

1979ರಲ್ಲಿ ಪ್ರವಾಸೋದ್ಯಮದ ಮೊದಲ ಕಾನೂನು, 1983ರಲ್ಲಿ ಮೊದಲ ಮಹಾಯೋಜನೆ ಬಂದವು. ಜನವಸತಿ ಇಲ್ಲದ ಒಂದು ದ್ವೀಪವನ್ನು ಸರ್ಕಾರ ಒಬ್ಬ ಉದ್ಯಮಿಗೆ ಗೇಣಿಗೆ ಕೊಡಬೇಕು, ಆ ದ್ವೀಪದಲ್ಲಿ ಒಂದೇ ರೆಸಾರ್ಟ್ ಇರಬೇಕು, ಕಟ್ಟಡಗಳು ನೆಲದ ಸಣ್ಣ ಭಾಗವನ್ನಷ್ಟೇ ಆವರಿಸಿ ಮರಗಳ ಎತ್ತರವನ್ನು ಮೀರಬಾರದು ಎಂಬ ನೀತಿ ಈ ಅವಧಿಯಲ್ಲಿ ಗಟ್ಟಿಗೊಂಡಿತು. ಇಸ್ಲಾಂ ಧರ್ಮವನ್ನು ಅನುಸರಿಸುವ ಊರುಗಳ ದಿನಚರಿಗೂ ಮದ್ಯ ಸೇವಿಸುವ, ಈಜುಡುಗೆಯಲ್ಲಿ ಓಡಾಡುವ ಅತಿಥಿಗಳ ದಿನಚರಿಗೂ ಘರ್ಷಣೆ ಬಾರದಂತೆ ಎರಡನ್ನೂ ಬೇರೆ ಬೇರೆ ದ್ವೀಪಗಳಲ್ಲಿ ಇರಿಸುವುದು ಇದರ ಮುಖ್ಯ ಉದ್ದೇಶವಾಗಿತ್ತು. 1984ರ ನಂತರ ಊರಿರುವ ದ್ವೀಪಗಳಲ್ಲಿ ಪ್ರವಾಸಿಗರು ತಂಗುವುದಕ್ಕೂ ತಡೆ ಬಿದ್ದಿತು. ಪ್ರೇಮಿಗಳಿಗೆಂದೇ ಹೇಳಿಮಾಡಿಸಿದಂತೆ ತೋರುವ ಏಕಾಂತ ಹೀಗೆ ಆಡಳಿತದ ಒಂದು ವಿಂಗಡಣೆಯಿಂದ ಹುಟ್ಟಿ, ಮುಂದೆ ಆ ದೇಶದ ಅತಿ ಬೆಲೆಬಾಳುವ ಸರಕಾಯಿತು.

ಈ ನೀತಿಯ ಪರಿಣಾಮ ದಂಪತಿಯ ಲೆಕ್ಕಪುಸ್ತಕದವರೆಗೂ ಬರುತ್ತದೆ. ಪ್ರತಿಯೊಂದು ರೆಸಾರ್ಟೂ ತನ್ನದೇ ಜನರೇಟರು, ಉಪ್ಪುನೀರನ್ನು ಸಿಹಿಗೊಳಿಸುವ ಘಟಕ, ಸಿಬ್ಬಂದಿಯ ವಸತಿ, ದೋಣಿ ಕಟ್ಟೆ ಎಲ್ಲವನ್ನೂ ಇಟ್ಟುಕೊಳ್ಳಬೇಕು. ಅಕ್ಕಿಯಿಂದ ಟೊಮೇಟೊವರೆಗೆ ಬಹುತೇಕ ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಬೀದಿ ದಾಟಿ ಇನ್ನೊಂದು ಹೋಟೆಲಿನಲ್ಲಿ ಉಣ್ಣುವ ಅವಕಾಶವೇ ಇಲ್ಲದ ದ್ವೀಪದಲ್ಲಿ ಒಂದು ಮಧ್ಯಾಹ್ನದ ಊಟ, ಒಂದು ಬಾಟಲಿ ನೀರು ಕೂಡ ರೆಸಾರ್ಟ್ ಹೇಳಿದ ಬೆಲೆಗೇ ಸಿಗುತ್ತದೆ. ಬೆಳಗಿನ ಉಪಾಹಾರವಷ್ಟೇ ಸೇರಿದ ಅಗ್ಗದ ದರ ಕೊನೆಗೆ ದುಬಾರಿಯಾಗುವುದು, ಎರಡು ಊಟ ಸೇರಿದ ಹಾಫ್ ಬೋರ್ಡ್ ಅಥವಾ ಪಾನೀಯವೂ ಸೇರಿದ ಆಲ್ ಇನ್‌ಕ್ಲೂಸಿವ್ ದರ ಅನೇಕರಿಗೆ ಹಗುರವಾಗುವುದು ಈ ಕಾರಣಕ್ಕೇ. ಇದರ ಮೇಲೆ ಸೇವಾ ಶುಲ್ಕ, ಪ್ರವಾಸೋದ್ಯಮದ ಮಾರಾಟ ತೆರಿಗೆ ಮತ್ತು 2015ರಲ್ಲಿ ಜಾರಿಗೆ ಬಂದ, ತಲೆಗೆ ರಾತ್ರಿಗೆ ಇಷ್ಟು ಡಾಲರ್ ಎಂದು ವಿಧಿಸುವ ಹಸಿರು ತೆರಿಗೆ ಸೇರುವುದರಿಂದ, ಇವೆಲ್ಲ ಕೂಡಿದ ಮೊತ್ತವನ್ನಿಟ್ಟುಕೊಂಡೇ ಎರಡು ರೆಸಾರ್ಟ್‌ಗಳನ್ನು ಹೋಲಿಸಬೇಕು.

ನೀರಿನ ಮೇಲಿನ ಮನೆ

ಇಂದು ಮಾಲ್ಡೀವ್ಸ್‌ನ ಗುರುತೇ ಆಗಿರುವ, ಕಂಬಗಳ ಮೇಲೆ ನಿಂತ ನೀರಿನ ವಿಲ್ಲಾ ಹುಟ್ಟಿದ್ದು ಅಲ್ಲಿಂದ ಬಹುದೂರದ ಫ್ರೆಂಚ್ ಪಾಲಿನೇಷ್ಯಾದಲ್ಲಿ. ಹ್ಯೂ ಕೆಲಿ, ಜೇ ಕಾರ್ಲೈಲ್, ಡಾನ್ ಮೆಕ್ಯಾಲಮ್ ಎಂಬ ಮೂವರು ಅಮೆರಿಕನ್ನರು 1967ರಲ್ಲಿ ರಾಯಾಟೆಯಾ ದ್ವೀಪದ ತಮ್ಮ ಹೋಟೆಲಿಗೆ ಒಳ್ಳೆಯ ಮರಳ ದಂಡೆ ಇಲ್ಲದಿದ್ದುದರಿಂದ ಕೋಣೆಗಳನ್ನೇ ಹವಳದ ದಿಬ್ಬದ ಮೇಲಿನ ನೀರಿಗೆ ಒಯ್ದರು. ದಂಡೆಯ ಕೊರತೆಯನ್ನು ನೀಗಿಸಲು ಕಂಡುಕೊಂಡ ಈ ಉಪಾಯ ದಂಡೆಗೆ ಕೊರತೆಯೇ ಇಲ್ಲದ ಮಾಲ್ಡೀವ್ಸ್‌ಗೆ ಬಂದು, ಚಿಕ್ಕ ದ್ವೀಪದಲ್ಲಿ ಹೆಚ್ಚು ಕೋಣೆಗಳನ್ನು ಕೂಡಿಸುವ ದಾರಿಯೂ ಆಯಿತು.

ಕೋಣೆಯ ಮೆಟ್ಟಿಲಿಳಿದು ನೇರವಾಗಿ ನೀರಿಗೆ ಹೋಗುವ ಸುಖ ನಿಜವಾದದ್ದೇ. ಆದರೆ ಇಂತಹ ವಿಲ್ಲಾಗಳ ಉದ್ದ ಸಾಲಿಗೆ ಆಳವಿಲ್ಲದ, ಮರಳು ತುಂಬಿದ ವಿಶಾಲ ಲಗೂನ್ ಬೇಕು. ಚಿತ್ರಗಳಲ್ಲಿ ಹೊಳೆಯುವ ತಿಳಿನೀಲಿ ಬಣ್ಣ ಆ ಮರಳಿನಿಂದಲೇ ಬರುತ್ತದೆ. ಅಂತಹ ದ್ವೀಪದಲ್ಲಿ ಮೀನುಗಳು ನೆರೆಯುವ ದಿಬ್ಬದ ಅಂಚು ಸಾಮಾನ್ಯವಾಗಿ ದಡದಿಂದ ದೂರವಿರುತ್ತದೆ. ಹೌಸ್ ರೀಫ್, ಅಂದರೆ ದಡದಿಂದಲೇ ಈಜಿ ತಲುಪಬಹುದಾದ, ದ್ವೀಪದ ಸುತ್ತಲಿನ ಹವಳದ ದಿಬ್ಬ, ಹತ್ತಿರವಿರುವ ದ್ವೀಪದಲ್ಲಿ ಲಗೂನ್ ಕಿರಿದಾಗಿದ್ದು ನೀರು ಬೇಗನೆ ಕಡುನೀಲಿಗೆ ತಿರುಗುತ್ತದೆ. ಆದರೆ ಮುಖವಾಡ ತೊಟ್ಟು ಹತ್ತಾರು ಅಡಿ ಈಜಿದರೆ ಆಮೆಯೋ ಗಿಣಿಮೀನಿನ ಹಿಂಡೋ ಎದುರಾಗಬಹುದು. ತಿಳಿನೀಲಿ ಲಗೂನ್ ಮತ್ತು ಜೀವಂತ ದಿಬ್ಬ ಎರಡೂ ಒಂದೇ ದಡದಲ್ಲಿ ಸಿಗುವುದು ಅಪರೂಪ. ಈಜು ಬಾರದವರಿಗೆ ಮೊದಲನೆಯದು ಸುರಕ್ಷಿತ; ನೀರಿನೊಳಗಿನ ಲೋಕವನ್ನು ನೋಡಲೆಂದೇ ಹೋಗುವವರಿಗೆ ಎರಡನೆಯದು ಸಾರ್ಥಕ.

ದೂರದ ಬೆಲೆ

1981ರಲ್ಲಿ ಮಾಲೆಯ ಪಕ್ಕದ ಹುಲ್ಹುಲೆ ವಿಮಾನ ನಿಲ್ದಾಣ ಅಂತರರಾಷ್ಟ್ರೀಯ ಮಟ್ಟಕ್ಕೇರಿ ಯೂರೋಪಿನ ವಿಮಾನಗಳು ನೇರವಾಗಿ ಇಳಿಯತೊಡಗಿದರೂ, ದೋಣಿ ತಲುಪಬಹುದಾದ ಸಮೀಪದ ಅಟಾಲ್‌ಗಳಲ್ಲೇ ರೆಸಾರ್ಟ್‌ಗಳು ಗುಂಪುಗೂಡಿದ್ದವು. ತೊಂಬತ್ತರ ದಶಕದಲ್ಲಿ ನೀರಿನ ಮೇಲೇ ಇಳಿದು ಏರುವ ಟ್ವಿನ್ ಆಟರ್ ಸಮುದ್ರ ವಿಮಾನಗಳು ಬಂದ ಮೇಲೆ ದೂರದ ದ್ವೀಪಗಳೂ ತೆರೆದುಕೊಂಡವು. ಬಾ ಅಟಾಲ್‌ನಲ್ಲಿ ಭಾರತೀಯ ಮೂಲದ ಸೋನು ಶಿವದಾಸಾನಿ ಮತ್ತು ಅವರ ಪತ್ನಿ ಇವಾ 1995ರಲ್ಲಿ ತೆರೆದ ಸೊನೇವಾ ಫುಶಿ, ದೂರ ಮತ್ತು ಕಾಡುತನವನ್ನೇ ವೈಭವವೆಂದು ಮಾರಬಹುದೆಂದು ತೋರಿಸಿತು. ಅದೇ ಅಟಾಲ್ 2011ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವಾಯಿತು. ಅಲ್ಲಿನ ಹನಿಫರು ಕೊಲ್ಲಿಗೆ ನೈರುತ್ಯ ಮಾರುತದ ತಿಂಗಳುಗಳಲ್ಲಿ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ತುಂಬಿಕೊಳ್ಳುವುದರಿಂದ ಮಾಂಟಾ ತೊರಕೆ ಮೀನುಗಳು ಹಿಂಡಾಗಿ ಮೇಯಲು ಬರುತ್ತವೆ. ಮಳೆಗಾಲವೆಂದು ದರ ಇಳಿಯುವ ತಿಂಗಳುಗಳೇ ಈ ದೃಶ್ಯಕ್ಕೆ ಉತ್ತಮ ಕಾಲ.

ಸಮುದ್ರ ವಿಮಾನ ಹಗಲಿನಲ್ಲಷ್ಟೇ ಹಾರುತ್ತದೆ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದ ಪ್ರಯಾಣ ಸುಮಾರು ಎರಡೇ ಗಂಟೆಯದಾದರೂ, ಸಂಜೆಯ ಹೊತ್ತಿಗೆ ಇಳಿದವರು ಒಂದು ರಾತ್ರಿಯನ್ನು ಮಾಲೆಯಲ್ಲೋ ಪಕ್ಕದ ಹುಲ್ಹುಮಾಲೆಯಲ್ಲೋ ಕಳೆಯಬೇಕಾಗುತ್ತದೆ. ನಾಲ್ಕೈದು ದಿನಗಳ ಪ್ರವಾಸದಲ್ಲಿ ಇದು ಚಿಕ್ಕ ನಷ್ಟವೇನಲ್ಲ. ಬಿಡುವು ಕಡಿಮೆಯಿದ್ದವರಿಗೆ ರಾತ್ರಿಯೂ ಸ್ಪೀಡ್‌ಬೋಟ್ ಓಡುವ ಸಮೀಪದ ದ್ವೀಪವೇ ಲೇಸು.

ಊರು ಬಾಗಿಲು ತೆರೆದ ಮೇಲೆ

ರೆಸಾರ್ಟ್‌ಗಳ ಸಂಪತ್ತು ಊರಿನವರಿಗೆ ಸಾಕಷ್ಟು ತಲುಪುತ್ತಿಲ್ಲವೆಂಬ ಅಸಮಾಧಾನದ ಹಿನ್ನೆಲೆಯಲ್ಲಿ, 2008ರಲ್ಲಿ ಅಧ್ಯಕ್ಷರಾದ ಮೊಹಮ್ಮದ್ ನಶೀದ್ ಅವರ ಅವಧಿಯಲ್ಲಿ ಜನವಸತಿಯ ದ್ವೀಪಗಳಲ್ಲಿ ಮತ್ತೆ ಅತಿಥಿಗೃಹಗಳಿಗೆ ಅನುಮತಿ ದೊರೆಯಿತು. ಮಾಫುಶಿಯಂತಹ ದ್ವೀಪಗಳು ಕೆಲವೇ ವರ್ಷಗಳಲ್ಲಿ ಬದಲಾದವು. ಮಧ್ಯಮ ವರ್ಗದ ದಂಪತಿಗೂ ಈ ಸಮುದ್ರ ಎಟುಕಿತು. ಇಲ್ಲಿ ಮದ್ಯ ನಿಷಿದ್ಧ, ಈಜುಡುಗೆ ಗೊತ್ತುಪಡಿಸಿದ ದಂಡೆಗಷ್ಟೇ ಸೀಮಿತ. ಆದರೆ ಊರಿನ ಚಹಾದಂಗಡಿ, ಮೀನಿನ ಊಟ, ಜನರ ಮಾತು ಸಿಗುವುದು ಇಲ್ಲಿಯೇ.

ಮೊದಲು ದ್ವೀಪ, ನಂತರ ಕೋಣೆ

ಇಷ್ಟೆಲ್ಲ ಕಟ್ಟೋಣಕ್ಕೆ ಆಧಾರವಾದ ಹವಳ ಮಾತ್ರ ಸಂಕಟದಲ್ಲಿದೆ. ಸಮುದ್ರದ ನೀರು ಮಿತಿಮೀರಿ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಹೀಗೆ ಆಳವಿಲ್ಲದ ನೀರಿನ ಹವಳದ ಬಹುಪಾಲು ಸತ್ತಿತು, ಚೇತರಿಸಿಕೊಳ್ಳುತ್ತಿದ್ದ ದಿಬ್ಬಗಳಿಗೆ 2016ರಲ್ಲಿ ಮತ್ತೊಮ್ಮೆ ಪೆಟ್ಟು ಬಿದ್ದಿತು. ಲಗೂನಿನ ಮರಳನ್ನು ಯಂತ್ರಗಳಿಂದ ಎತ್ತಿ ಹೊಸ ದ್ವೀಪಗಳನ್ನೇ ನಿರ್ಮಿಸುವಾಗ ಏಳುವ ಕೆಸರು ಸುತ್ತಲಿನ ಹವಳವನ್ನು ಉಸಿರುಗಟ್ಟಿಸುತ್ತದೆ. ದಿಬ್ಬ ಸತ್ತರೆ ಅಲೆಗಳಿಗೆ ತಡೆಯಿಲ್ಲ, ಗಿಣಿಮೀನಿಲ್ಲ, ಹೊಸ ಮರಳೂ ಇಲ್ಲ.

ಆದ್ದರಿಂದ ದಂಪತಿಯ ಆಯ್ಕೆಗೆ ಒಂದು ಸರಿಯಾದ ಅನುಕ್ರಮವಿದೆ. ದ್ವೀಪ ಸಹಜವಾದದ್ದೇ ಅಥವಾ ಮರಳು ಸುರಿದು ಮಾಡಿದ್ದೇ, ದಿಬ್ಬ ದಡಕ್ಕೆ ಎಷ್ಟು ಹತ್ತಿರ, ಅದು ಬದುಕಿದೆಯೇ, ಅದನ್ನು ಕಾಯಲು ಸಮುದ್ರ ಜೀವವಿಜ್ಞಾನಿಯನ್ನು ನೇಮಿಸಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಅನಂತರ ಹೋಗುವ ತಿಂಗಳು, ತಲುಪುವ ದಾರಿ, ಊಟದ ದರ. ಕೋಣೆ ನೀರಿನ ಮೇಲಿರಲಿ ಮರಳಿನ ಮೇಲಿರಲಿ ಎಂಬ ತೀರ್ಮಾನ ಕಡೆಯದು. ಜಾಹೀರಾತುಗಳು ಇದೇ ಪ್ರಶ್ನೆಗಳನ್ನು ತಲೆಕೆಳಗಾಗಿ ಜೋಡಿಸಿ ಕೋಣೆಯ ಚಿತ್ರದಿಂದ ಆರಂಭಿಸುತ್ತವೆ. ಬರುವ ಅತಿಥಿಗಳೆಲ್ಲ ಮೊದಲು ದಿಬ್ಬದ ಬಗ್ಗೆ ಕೇಳತೊಡಗಿದರೆ, ದಿಬ್ಬವನ್ನು ಉಳಿಸುವುದು ರೆಸಾರ್ಟ್‌ಗಳಿಗೂ ಲಾಭದ ಮಾತಾಗುತ್ತದೆ. ಆ ದೇಶದ ಪ್ರವಾಸೋದ್ಯಮವನ್ನು ಈವರೆಗೆ ರೂಪಿಸಿದ್ದು ಬಂದವರ ಬೇಡಿಕೆಯೂ ಹೌದಾದ್ದರಿಂದ, ಮುಂದೆ ಅದು ಯಾವ ದಿಕ್ಕಿಗೆ ಹೋಗಬೇಕೆಂಬುದರಲ್ಲಿ ಪ್ರತಿಯೊಬ್ಬ ಅತಿಥಿಗೂ ಒಂದು ಪಾಲಿದೆ.