ರಸಮಟ್ಟ

ನಮ್ಮ ತಂದೆಯವರು ಹಜಾರಕ್ಕೆ ಕಾವಿಯ ನೆಲ ಹಾಕಿಸಿದಾಗ ಗಾರೆಯವನನ್ನು ಎರಡು ಸಲ ಮರಳಿ ಕರೆಸಿದರಂತೆ. ತೊಳೆದ ನೀರು ಒಂದು ಹನಿಯೂ ನಿಲ್ಲದೆ ಮೂಲೆಯ ತೂಬಿಗೆ ಹರಿಯಬೇಕೆಂಬುದು ಅವರ ಹಟ. ಆ ವಾಟ ಕಣ್ಣಿಗೆ ಕಾಣುವುದಲ್ಲ. ನೀರು ಮಾತ್ರವೇ ಅದನ್ನು ಬಲ್ಲುದು. ಈಚೆಗೆ ಅದನ್ನು ಬಲ್ಲ ಇನ್ನೊಂದು ವಸ್ತುವೂ ನಮ್ಮ ಮನೆಗೆ ಬಂದಿತು: ಪೂಲ್ ಆಟದ ಚೆಂಡು.

ತಂದೆಯವರು ತೀರಿಕೊಂಡ ಮೇಲೆ ತಮ್ಮನು ಆ ಹಜಾರದಲ್ಲಿ ಪೂಲ್ ಆಟದ ಕೋಣೆ ತೆರೆಯುವೆನೆಂದನು. ನಾನು ಬೇಡವೆಂದೆ. ಮೇಷ್ಟರ ಮನೆಯಲ್ಲಿ ಜೂಜುಕಟ್ಟೆಯೇ ಎಂದು ಆಡಬಾರದ ಮಾತನ್ನೂ ಆಡಿದೆ. ಅವನು ಮರುನುಡಿಯದೆ ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ಎಂಟಡಿಯ ಮೇಜನ್ನು ತರಿಸಿದನು. ನಾನು ಮಹಡಿಯಲ್ಲಿ, ಅವನು ಕೆಳಗೆ. ಎಂಟು ತಿಂಗಳು ಹಬ್ಬದ ದಿನವೂ ಮಾತಿಲ್ಲ.

ಮಾರಿದವರ ಆಳುಗಳು ಒಂದೇ ಮಧ್ಯಾಹ್ನದಲ್ಲಿ ಮೇಜನ್ನು ಜೋಡಿಸಿ ಕೂಲಿ ಪಡೆದು ನಡೆದರು. ಸಂಜೆ ತಮ್ಮನು ಚೆಂಡೊಂದನ್ನು ಮೆಲ್ಲಗೆ ಬಿಟ್ಟರೆ, ಅದು ನೆಟ್ಟಗೆ ಹೋಗಿ, ನಿಲ್ಲುವ ಹೊತ್ತಿಗೆ ಎಡಕ್ಕೆ ಹೊರಳಿ ತಂದೆಯವರ ತೂಬಿನ ದಿಕ್ಕನ್ನೇ ಹಿಡಿಯಿತು. ರಭಸದ ಚೆಂಡು ಮೇಜಿನ ದೋಷವನ್ನು ಮುಚ್ಚುತ್ತದೆ, ಮಂದಗತಿಯದು ಬಯಲುಮಾಡುತ್ತದೆ. ಆಟದ ಕೋಣೆ ತೆರೆಯಲು ಉಳಿದದ್ದು ನಾಲ್ಕೇ ದಿನ. ರಾತ್ರಿ ಹತ್ತಕ್ಕೆ ಅವನು ಮೆಟ್ಟಿಲೇರಿ ಬಂದು, "ಅಣ್ಣ, ಬ್ಯಾಟರಿ ಹಿಡಿಯಲು ಒಬ್ಬರು ಬೇಕಾಗಿತ್ತು" ಎಂದನು.

ಅಂಚಿನ ಪಟ್ಟಿಗಳನ್ನೂ ಹಸುರು ಬಟ್ಟೆಯನ್ನೂ ಬಿಚ್ಚಿದೆವು. ಒಳಗೆ ಮೂರು ಕಲ್ಲಿನ ಹಲಗೆಗಳು. ಒಂದಂಗುಲ ದಪ್ಪ, ಒಂದೊಂದೂ ಹೆಚ್ಚುಕಡಿಮೆ 70 ಕಿಲೋ. ಮೊದಲು ಮರದ ಹಾಸೇ ಇದ್ದಿತು. ಮರವು ತೇವಕ್ಕೆ ಬಾಗುವುದರಿಂದ ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಸ್ಲೇಟುಕಲ್ಲನ್ನು ಹಾಸಿದನು. ನಾವು ಓನಾಮ ತಿದ್ದಿದ ಹಲಗೆಯ ಕಲ್ಲೇ ಅದು! ಮೇಷ್ಟರಾದ ನನಗೆ ಮೇಜಿನ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಕಲ್ಲುಗಳನ್ನು ಇಳಿಸಿದ ಮೇಲೆ ಆಳುಗಳ ತಪ್ಪು ತಿಳಿಯಿತು. ಚೌಕಟ್ಟನ್ನು ಮಟ್ಟ ನೋಡದೆಯೇ ಕಲ್ಲು ಹೇರಿದ್ದರು. ಗಾರೆಯವರ ರಸಮಟ್ಟ ಇಲ್ಲಿಗೆ ಸಾಲದೆಂದು ತಮ್ಮನು ಲೇತ್ ಅಂಗಡಿಯಿಂದ ಒಂದನ್ನು ಎರವಲು ತಂದಿದ್ದನು. ಅದರಲ್ಲಿ ಪಾದರಸವಿಲ್ಲ, ಹೆಸರು ಮಾತ್ರ ಉಳಿದಿದೆ. ಅಡಿಯುದ್ದಕ್ಕೆ ಅಂಗುಲದ ಸಾವಿರದಲ್ಲಿ ಐದು ಪಾಲು ಏರಿದರೂ ಗುಳ್ಳೆ ಒಂದು ಗೆರೆ ಸರಿಯುತ್ತದೆ. (ಕನ್ನಡದಲ್ಲಿ 'ಮಟ್ಟಹಾಕು' ಎಂದರೆ ಅಡಗಿಸು ಎಂದೂ ಅರ್ಥವುಂಟು, ಎಂಟು ತಿಂಗಳು ನಾನು ಮಾಡಹೊರಟದ್ದು ಆ ಕೆಲಸವನ್ನೇ.)

ಕಾಲುಗಳ ಕೆಳಗೆ ತೇಗದ ಬಿಲ್ಲೆಗಳನ್ನು ಕೊಟ್ಟು ಚೌಕಟ್ಟನ್ನು ಮೊದಲು ಸರಿಪಡಿಸಿದೆವು. ಆಮೇಲೆ ನಡುವಣ ಕಲ್ಲು, ಬಳಿಕ ತುದಿಯವೆರಡು. ಉದ್ದಕ್ಕೆ ಸರಿಯಾದರೆ ಅಡ್ಡಕ್ಕೆ ತಪ್ಪುವುದು. ಅಡ್ಡಕ್ಕೆ ಸರಿಯಾದರೆ ಮೂಲೆಯಿಂದ ಮೂಲೆಗೆ. ಕಲ್ಲಿಗೂ ಚೌಕಟ್ಟಿಗೂ ನಡುವೆ ತೂರಿಸಲು ತೆಳ್ಳನೆಯದೇನಾದರೂ ಬೇಕಾಯಿತು.

"ಇಸ್ಪೀಟಿನ ಎಲೆಯಾದರೆ ಚೆನ್ನ," ಎಂದನು ತಮ್ಮ, ನನ್ನ ಮುಖ ನೋಡದೆ.

ಶಿವರಾತ್ರಿಯ ಜಾಗರಣೆಗೆಂದು ತಂದೆಯವರು ಇಟ್ಟುಕೊಂಡಿದ್ದ ಕಟ್ಟೊಂದು ನನ್ನ ಪೆಟ್ಟಿಗೆಯಲ್ಲಿದ್ದಿತು. ಹೋಗಿ ತಂದುಕೊಟ್ಟೆ. ಇಸ್ಪೀಟು ರಾಣಿ ಮೇಲಣ ಎಡಮೂಲೆಗೆ ಹೋದಳು. ಡೈಮಂಡಿನ ಏಳು ಮತ್ತು ಒಂಬತ್ತು ನಡುಸಂದಿಗೆ. ತಿರುಪು ಬಿಗಿದು, ಉಗುರು ಸಂದಿನ ಮೇಲೆ ಎಡವದಂತಾದ ಮೇಲೆ ಜೇನುಮೇಣ ಕರಗಿಸಿ ತುಂಬಿ, ಬ್ಲೇಡಿನಿಂದ ಹೆರೆದೆವು. ಅಷ್ಟರಲ್ಲಿ ಮೂರು ಗಂಟೆ.

ಮರುದಿನ ಬಟ್ಟೆ ಬಿಗಿದು ಚೆಂಡು ಬಿಟ್ಟರೆ ಅದು ಹೋದ ದಾರಿಯಲ್ಲೇ ಹೋಗಿ, ನಿಂತಲ್ಲೇ ನಿಂತಿತು. ನಾವಿಬ್ಬರೂ ಅದನ್ನೇ ನೋಡುತ್ತಿರಲು ನನ್ನ ಹೆಂಡತಿ ಎಂದಿನಂತೆ ಹಜಾರ ತೊಳೆಯಲು ಕೊಡ ಬಗ್ಗಿಸಿದಳು. ನೀರು ಮೇಜಿನ ಅಡಿಯಿಂದ ನೇರವಾಗಿ ತೂಬಿನತ್ತ ಹರಿಯತೊಡಗಿತು.

"ಅತ್ತಿಗೆ, ಬಿಲ್ಲೆ ನೆನೆಯುತ್ತದೆ!" ಎಂದು ತಮ್ಮನು ಕೂಗಿಕೊಂಡನು. ನಾನು ಪಂಚೆ ಎತ್ತಿಕಟ್ಟಿ ಗೋಣಿಚೀಲ ತರಲು ಓಡಿದೆ.